ಕಥೆ ಗೊತ್ತು, ಕಾವ್ಯ ಓದಿದ್ದೀರಾ?

ಮಹಾಭಾರತದ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಅಜ್ಜಿಯ ಬಾಯಲ್ಲಿ ಕೇಳಿರುತ್ತೇವೆ, ಚಿತ್ರಕಥೆಯ ಪುಸ್ತಕಗಳಲ್ಲಿ ನೋಡಿರುತ್ತೇವೆ, ಟೀವಿಯಲ್ಲಂತೂ ಎಷ್ಟೋ ಸಲ ಬಂದು ಹೋಗಿದೆ. ಈಗ ಮೊಬೈಲಿನಲ್ಲಿ ಕೇಳಿದರೆ ಹದಿನೆಂಟು ಪರ್ವಗಳ ಸಾರಾಂಶ ಎರಡು ಪುಟದಲ್ಲಿ ಸಿಗುತ್ತದೆ. ಆದರೆ ಕುಮಾರವ್ಯಾಸನ ಗದುಗಿನ ಭಾರತವನ್ನು ಕೈಯಲ್ಲಿ ಹಿಡಿದು, ಒಂದು ಸಂಧಿಯನ್ನಾದರೂ ಪೂರ್ತಿ ಓದಿದವರು ನಿಮ್ಮ ಮನೆಯಲ್ಲಿ ಎಷ್ಟು ಜನ ಇದ್ದಾರೆ? ಕಥೆ ಗೊತ್ತಿರುವುದು ಬೇರೆ, ಕಾವ್ಯ ಓದುವುದು ಬೇರೆ. ಮದುವೆ ಮನೆಯಲ್ಲಿ ಏನೇನು ಬಡಿಸಿದರು ಎಂದು ಇನ್ನೊಬ್ಬರಿಂದ ಕೇಳಿದರೆ ನಮ್ಮ ಹೊಟ್ಟೆ ತುಂಬೀತೇ?

ನಾನು ಕನ್ನಡ ಪಂಡಿತನಲ್ಲ. ಬಿ.ಕಾಂ. ಓದಿ, ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿ ಲೆಡ್ಜರು ಬರೆದವನು. ಆದ್ದರಿಂದ ಇಲ್ಲಿ ಹೇಳುವುದು ವಿಮರ್ಶೆಯಲ್ಲ. ದೊಡ್ಡ ಪುಸ್ತಕಗಳನ್ನು ನೇರವಾಗಿ ಓದುವುದಕ್ಕೆ ದೊಡ್ಡ ಪದವಿ ಬೇಡ, ಸ್ವಲ್ಪ ತಾಳ್ಮೆ ಸಾಕು. ಹಾಗೆ ಓದಿದ್ದು ಜೀವನಪೂರ್ತಿ ಕೈಹಿಡಿಯುತ್ತದೆ ಎನ್ನುವುದನ್ನು ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಹೇಳಬೇಕೆನಿಸಿದೆ.

ಒಲೆಯ ಮುಂದಿನ ಪೌರುಷ

'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆಯನ್ನು ಎಲ್ಲರೂ ಕೇಳಿದ್ದೇವೆ. ವಿರಾಟರಾಜನ ಮಗ ಉತ್ತರಕುಮಾರ ಅಂತಃಪುರದಲ್ಲಿ ಜಂಭ ಕೊಚ್ಚಿ, ರಣರಂಗದಲ್ಲಿ ಕೌರವರ ಸೈನ್ಯ ಕಂಡೊಡನೆ ಓಡಿಹೋದ. ಸಾರಾಂಶದಲ್ಲಿ ಇದು ಒಂದು ವಾಕ್ಯ. ಪರೀಕ್ಷೆಯಲ್ಲಿ ಬರೆದರೆ ಎರಡು ಅಂಕ.

ಕುಮಾರವ್ಯಾಸ ಇದನ್ನು ಹೇಗೆ ಹೇಳುತ್ತಾನೆ ನೋಡಿ. ಹಸುಗಳನ್ನು ಕೌರವರು ಹಿಡಿದರೆಂದು ಗೋವಳ ಓಡಿ ಬಂದು ದೂರು ಹೇಳುತ್ತಾನೆ. ಉತ್ತರ ಹೆಂಗಸರ ನಡುವೆ ಕುಳಿತಿದ್ದಾನೆ. ಕೇಳುವವರು ಎದುರಿಗಿದ್ದಾರಲ್ಲ, ಮಾತು ಒಂದೊಂದು ಪದ್ಯಕ್ಕೂ ಮೇಲೇರುತ್ತದೆ. ಭೀಷ್ಮನೇನು, ದ್ರೋಣನೇನು, ಕರ್ಣನೇನು, ಎಲ್ಲರೂ ಇವನಿಗೆ ಹುಲ್ಲುಕಡ್ಡಿ! ತೊಂದರೆ ಒಂದೇ, ರಥ ಹೊಡೆಯಲು ತಕ್ಕ ಸಾರಥಿ ಇಲ್ಲ. ಪಾಪ, ಸಾರಥಿ ಇಲ್ಲವೆಂಬ ನೆಪ ಅವನನ್ನು ಕಾಪಾಡಬೇಕಿತ್ತು. ಅಷ್ಟರಲ್ಲಿ ಬೃಹನ್ನಳೆ ಸಾರಥಿಯಾಗಿ ಸಿಕ್ಕಿಬಿಡುತ್ತಾಳೆ! ರಥ ಊರು ದಾಟುತ್ತದೆ. ದೂರದಲ್ಲಿ ಕೌರವರ ಸೈನ್ಯ ಕಡಲಿನಂತೆ ಕಾಣುತ್ತದೆ. ಇಲ್ಲಿಂದ ಉತ್ತರನ ಮಾತಿನ ಧಾಟಿಯೇ ಬದಲು. ರಥ ತಿರುಗಿಸು ಎಂದು ಬೇಡುತ್ತಾನೆ, ಸಾರಥಿ ಕೇಳುವುದಿಲ್ಲ. ಕೊನೆಗೆ ರಥದಿಂದ ಧುಮುಕಿ ಓಡುತ್ತಾನೆ. ಹಿಂದೆ ಬೃಹನ್ನಳೆಯ ವೇಷದ ಅರ್ಜುನ ಅವನನ್ನು ಹಿಡಿಯಲು ಓಡುತ್ತಾನೆ. ಅದನ್ನು ನೋಡಿ ಶತ್ರುಸೈನ್ಯವೇ ನಗುತ್ತದೆ.

ಉತ್ತರ ಓಡಿದ ಎನ್ನುವುದು ಸುದ್ದಿ. ಅವನು ಏನೇನು ಹೇಳಿ ಓಡಿದ ಎನ್ನುವುದು ಕಾವ್ಯ. ಇದನ್ನು ಓದಿದ ಮೇಲೆ ಉತ್ತರಕುಮಾರರು ನಮಗೆ ಎಲ್ಲೆಲ್ಲೂ ಕಾಣಿಸತೊಡಗುತ್ತಾರೆ. ನಾನು ಕೌಂಟರಿನ ಹಿಂದೆ ಕುಳಿತು ಹಲವರನ್ನು ಕಂಡಿದ್ದೇನೆ. ವಿಶೇಷವೆಂದರೆ, ಅವರ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಕುಮಾರವ್ಯಾಸ ಉತ್ತರನನ್ನು ನೋಡಿ ನಗಿಸುತ್ತಾನೆಯೇ ಹೊರತು ಅವನನ್ನು ದ್ವೇಷಿಸಲು ಬಿಡುವುದಿಲ್ಲ.

ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ

ಗದುಗಿನ ನಾರಣಪ್ಪನೆಂಬ ಕವಿ ತನ್ನನ್ನು ವ್ಯಾಸರ ಮಗನೆಂದು ಭಾವಿಸಿ ಕುಮಾರವ್ಯಾಸ ಎಂದು ಕರೆದುಕೊಂಡ. ಕಾಲ ಸುಮಾರು 15ನೇ ಶತಮಾನ. ಗದುಗಿನ ವೀರನಾರಾಯಣ ಗುಡಿಯಲ್ಲಿ ಅವನು ಕುಳಿತು ಬರೆದನೆಂದು ಹೇಳುವ ಕಂಬವನ್ನು ಇಂದಿಗೂ ತೋರಿಸುತ್ತಾರೆ. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಬಂದು ಕುಳಿತು, ಬಟ್ಟೆ ಒಣಗುವ ತನಕ ಪದ್ಯ ಕಟ್ಟುತ್ತಿದ್ದನಂತೆ ಎಂಬ ಐತಿಹ್ಯವೂ ಇದೆ. ಅವನು ಬರೆದದ್ದು ಹತ್ತು ಪರ್ವ. ಉಳಿದ ಪರ್ವಗಳನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಕನ್ನಡಿಸಿದ.

ಈ ಕಾವ್ಯವನ್ನು ಹಿಂದೆ ಜನ ಕಣ್ಣಿನಿಂದ ಓದಿದ್ದಕ್ಕಿಂತ ಕಿವಿಯಿಂದ ಓದಿದ್ದೇ ಹೆಚ್ಚು. ಹಳ್ಳಿಯ ಜಗಲಿಯಲ್ಲಿ ರಾತ್ರಿ ದೀಪ ಹಚ್ಚಿ ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಊರವರು ಸುತ್ತ ಕುಳಿತು ಕೇಳುವುದು. ಮಳೆ ಬಾರದಿದ್ದರೆ ವಿರಾಟಪರ್ವ ಓದಿಸುವ ಪದ್ಧತಿ ಕರ್ನಾಟಕದ ಎಷ್ಟೋ ಊರುಗಳಲ್ಲಿತ್ತು. ನನ್ನ ತಾತನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ನೂರಾರು ಪದ್ಯ ಬಾಯಿಗೆ ಬರುತ್ತಿದ್ದವು. ಅಕ್ಷರ ಬಾರದವರು ಮೂಲಕಾವ್ಯವನ್ನೇ ಸವಿದರು. ಅಕ್ಷರ ಬಲ್ಲ ನಾವು ಸಾರಾಂಶಕ್ಕೆ ತೃಪ್ತರಾದರೆ ಹೇಗೆ?

ಆ ಪದ್ಯಗಳು ಬಾಯಲ್ಲಿ ನಿಲ್ಲುವುದಕ್ಕೆ ಕಾರಣ ಭಾಮಿನೀ ಷಟ್ಪದಿ. ಷಟ್ಪದಿ ಎಂದರೆ ಆರು ಸಾಲು. ಮಕ್ಕಳೇ, ಇದರ ಲೆಕ್ಕ ಬಹಳ ಸುಲಭ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು, ಹೀಗೆ ನಡಿಗೆ. ತಿಳಿಯಲೆಂದು ನಾನೇ ಎರಡು ಸಾಲು ಕಟ್ಟಿದ್ದೇನೆ:

ಮರದ ಮೇಲಿನ ಹಕ್ಕಿ ಹಾಡಿತು
ಕೆರೆಯ ನೀರಲಿ ಮೀನು ಕುಣಿಯಿತು

'ಮರದ' ಮೂರು, 'ಮೇಲಿನ' ನಾಲ್ಕು, 'ಹಕ್ಕಿ' ಮೂರು, 'ಹಾಡಿತು' ನಾಲ್ಕು. ಒಟ್ಟು 14. ಎರಡೂ ಸಾಲುಗಳ ಎರಡನೆಯ ಅಕ್ಷರ ನೋಡಿ, ರಕಾರ. ಅದೇ ಆದಿಪ್ರಾಸ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಹೀಗೆ 14 ಮಾತ್ರೆಯವು. ಮೂರು ಮತ್ತು ಆರನೆಯ ಸಾಲುಗಳು ಉದ್ದ, ತಲಾ 23 ಮಾತ್ರೆ. ಒಂದು ಪದ್ಯಕ್ಕೆ ಒಟ್ಟು 102. ಕೂಡಿ ನೋಡಿ, ಲೆಕ್ಕ ತಾಳೆಯಾಗುತ್ತದೆ!

ನನ್ನ ಎರಡು ಸಾಲಿನಲ್ಲಿ ಹಕ್ಕಿ, ಮೀನು ಬಿಟ್ಟರೆ ಏನೂ ಇಲ್ಲ. ಆದರೆ ಇಷ್ಟೇ ಜಾಗದಲ್ಲಿ ಕುಮಾರವ್ಯಾಸ ಒಂದು ಯುದ್ಧ ಮಾಡಿಸುತ್ತಾನೆ, ಒಬ್ಬ ತಾಯಿಯನ್ನು ಅಳಿಸುತ್ತಾನೆ, ಸಭೆಯಲ್ಲಿ ಜಗಳ ಹಚ್ಚುತ್ತಾನೆ. ಚಪ್ಪಾಳೆ ತಟ್ಟುತ್ತ ನಾಲ್ಕು ದಿನ ಗಟ್ಟಿಯಾಗಿ ಓದಿದರೆ ಆ ನಡಿಗೆ ಮೈಗೆ ಹತ್ತುತ್ತದೆ. ಇದನ್ನು ಯಾವ ಸಾರಾಂಶವೂ ಕೊಡಲಾರದು. ಕಥೆಯನ್ನು ಬೇರೆ ಮಾತಿನಲ್ಲಿ ಹೇಳಬಹುದು, ಲಯವನ್ನು ಬೇರೆ ಮಾತಿನಲ್ಲಿ ಹೇಳಲಾಗದು.

ಒಂದೇ ಪರ್ವ, ಮೂರು ವಯಸ್ಸು

ಒಂದು ಸಲ ಓದಿದ ಪುಸ್ತಕವನ್ನು ಮತ್ತೇಕೆ ಓದಬೇಕು ಎಂದು ಕೇಳುವವರಿದ್ದಾರೆ. ಉದ್ಯೋಗಪರ್ವದ ಒಂದು ಭಾಗದಿಂದ ನಾನು ಉತ್ತರ ಹೇಳುತ್ತೇನೆ. ಕೃಷ್ಣ ಪಾಂಡವರ ಪರವಾಗಿ ಸಂಧಾನಕ್ಕೆ ಹಸ್ತಿನಾವತಿಗೆ ಬರುವ ಭಾಗ ಅದು.

ಎಂಟನೇ ತರಗತಿಯಲ್ಲಿದ್ದಾಗ ನಮ್ಮ ಮೇಷ್ಟರು ಅದನ್ನು ರಾಗವಾಗಿ ಓದಿದರು. ಸಭೆಗೆ ಬಂದ ಕೃಷ್ಣನಿಗೆ ದುರ್ಯೋಧನ ಎದ್ದು ಗೌರವ ತೋರುವುದಿಲ್ಲ. ಕೃಷ್ಣ ಏನೂ ಮಾತಾಡದೆ ಕಾಲಿನ ಹೆಬ್ಬೆರಳಿನಿಂದ ನೆಲ ಒತ್ತುತ್ತಾನೆ. ಸಿಂಹಾಸನ ವಾಲಿ ದುರ್ಯೋಧನ ಬಂದು ಕೃಷ್ಣನ ಕಾಲ ಬಳಿ ಬೀಳುತ್ತಾನೆ! ಇಡೀ ತರಗತಿ ಚಪ್ಪಾಳೆ ಹೊಡೆಯಿತು. ಆ ವಯಸ್ಸಿಗೆ ನನಗೆ ದಕ್ಕಿದ್ದು ಅಷ್ಟು, ಅದು ಕಡಿಮೆಯೇನಲ್ಲ.

ಎರಡನೆಯ ಸಲ ಓದಿದಾಗ ನನಗೆ ನಲವತ್ತೈದು. ತಂದೆ ತೀರಿಕೊಂಡು ಊರಿನ ಮನೆ, ಎರಡು ಎಕರೆ ತೋಟ, ಒಂದು ಬಾವಿ ಪಾಲಾಗಬೇಕಿತ್ತು. ನಾವು ಮೂವರು ಅಣ್ಣತಮ್ಮಂದಿರು. ಯಾರೂ ಕೆಟ್ಟವರಲ್ಲ, ಆದರೂ ಬಾವಿ ಯಾರ ಪಾಲಿಗೆ ಎಂಬಲ್ಲಿ ಮಾತು ನಿಂತಿತು. ಮನೆಯಲ್ಲಿ ಕೋರ್ಟು, ವಕೀಲರು ಎಂಬ ಪದಗಳು ಓಡಾಡತೊಡಗಿದವು. ಆ ದಿನಗಳಲ್ಲಿ ರಾತ್ರಿ ನಿದ್ದೆ ಬಾರದೆ ಉದ್ಯೋಗಪರ್ವ ತೆಗೆದೆ. ಈ ಸಲ ಹೆಬ್ಬೆರಳಿನ ಪ್ರಸಂಗ ಬೇಗ ದಾಟಿಹೋಯಿತು. ಕಣ್ಣು ನಿಂತದ್ದು ಐದು ಊರುಗಳ ಮೇಲೆ. ಅರ್ಧ ರಾಜ್ಯಕ್ಕೆ ಹಕ್ಕಿರುವವರು ಐದು ಊರಿಗೆ ಇಳಿದಿದ್ದಾರೆ. ಹಿರಿಯರು ಒಬ್ಬರಾದ ಮೇಲೊಬ್ಬರು ಹೇಳುತ್ತಾರೆ. ಹೇಳುವುದೆಲ್ಲ ನ್ಯಾಯವೇ, ಕೇಳುವವನಿಗೆ ಅರ್ಥವಾಗದ್ದೂ ಅಲ್ಲ. ಆದರೆ ಮಾತು ಮನಸ್ಸಿನ ಒಳಕ್ಕೆ ಇಳಿಯುವುದಿಲ್ಲ.

ವಿದುರನ ಪ್ರಸಂಗವೂ ಅಲ್ಲೇ ಇದೆ. ಕೃಷ್ಣ ಅರಮನೆಯ ಔತಣ ಬಿಟ್ಟು ವಿದುರನ ಮನೆಗೆ ಹೋಗುತ್ತಾನೆ. ವಿದುರ ಸಂತೋಷದಿಂದ ಕುಣಿದಾಡುತ್ತಾನೆ. ಇದಕ್ಕಾಗಿ ದುರ್ಯೋಧನ ತುಂಬಿದ ಸಭೆಯಲ್ಲಿ ವಿದುರನ ಹುಟ್ಟನ್ನು ಎತ್ತಿ ಹೀಯಾಳಿಸುತ್ತಾನೆ. ನೊಂದ ವಿದುರ ತನ್ನ ಬಿಲ್ಲನ್ನು ಮುರಿದು ಹಾಕುತ್ತಾನೆ. ಯುದ್ಧದಲ್ಲಿ ಕೌರವರನ್ನು ಕಾಯಬಹುದಾಗಿದ್ದ ಬಿಲ್ಲು ಅದು. ಒಂದು ಕೆಟ್ಟ ಮಾತಿಗೆ ತೆತ್ತ ಬೆಲೆ!

ಕಾವ್ಯ ಓದಿದ್ದರಿಂದ ನಮ್ಮ ಮನೆಯ ಜಗಳ ಬಗೆಹರಿಯಿತು ಎಂದು ನಾನು ಹೇಳುವುದಿಲ್ಲ. ಆದರೆ ಮರುವಾರ ನಾವು ಮೂವರೂ ಕುಳಿತಾಗ, ಬಾಯಿಗೆ ಬಂದ ಒಂದು ಮಾತನ್ನು ನುಂಗಿಕೊಳ್ಳುವ ಶಕ್ತಿ ನನಗೆ ಎಲ್ಲಿಂದಲೋ ಬಂತು. ಬಾವಿ ಮೂವರಿಗೂ ಸೇರಿದ್ದೆಂದು ಪತ್ರದಲ್ಲಿ ಬರೆಸಿದೆವು. ಇಂದಿಗೂ ಹಬ್ಬಕ್ಕೆ ಅಣ್ಣನ ಮನೆಗೆ ಹೋದರೆ ಅದೇ ಬಾವಿಯ ನೀರು ಕುಡಿಯುತ್ತೇನೆ.

ಈಗ ಎಪ್ಪತ್ತು ದಾಟಿದೆ. ಈ ಸಲ ಅದೇ ಭಾಗ ಓದುವಾಗ ನನ್ನ ಗಮನವೆಲ್ಲ ಧೃತರಾಷ್ಟ್ರನ ಮೇಲೆ. ಮೊದಲೆರಡು ಸಲ ಓದಿದಾಗ ಅವನು ಸಭೆಯಲ್ಲಿದ್ದ ಎಂಬುದೇ ನನಗೆ ಹೆಚ್ಚು ನೆನಪಿರಲಿಲ್ಲ. ಮಗ ಹಿಡಿದದ್ದು ತಪ್ಪು ದಾರಿ ಎಂದು ಅವನಿಗೆ ಗೊತ್ತು. ಹೇಳಿದರೂ ಮಗ ಕೇಳುವುದಿಲ್ಲ ಎಂಬುದೂ ಗೊತ್ತು. ಮಗನ ಮೇಲಿನ ಆಸೆ ಮಾತ್ರ ಬಿಡದು. ಬೆಳೆದ ಮಕ್ಕಳಿರುವ ಯಾವ ತಂದೆಗಾದರೂ ಆ ಮುದುಕನ ಸಂಕಟದ ಒಂದು ಚೂರು ಅರ್ಥವಾಗುತ್ತದೆ. ಪುಸ್ತಕದಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಓದುವವನು ಬದಲಾಗಿದ್ದಾನೆ. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ, ಹುಡುಗನಾಗಿದ್ದಾಗ ಇಟ್ಟ ಠೇವಣಿಗೆ ಬಡ್ಡಿ ಈಗ ಬರುತ್ತಿದೆ. ಚಿಕ್ಕಂದಿನಲ್ಲಿ ಖಾತೆಯನ್ನೇ ತೆರೆಯದವನಿಗೆ ಬಡ್ಡಿ ಎಲ್ಲಿಂದ?

ದುಷ್ಟನೆಂದವನು ಬೇಡಿಕೊಂಡಾಗ

ಸಾರಾಂಶ ಮಾಡುವ ಇನ್ನೊಂದು ಅನ್ಯಾಯವೆಂದರೆ, ಮನುಷ್ಯರನ್ನು ಒಳ್ಳೆಯವರು, ಕೆಟ್ಟವರು ಎಂದು ಎರಡೇ ಡಬ್ಬಿಗಳಿಗೆ ತುಂಬುವುದು. ದುರ್ಯೋಧನ ದುಷ್ಟ, ಮುಗಿಯಿತು. ಸಾವಿರ ವರ್ಷದ ಹಿಂದೆ ರನ್ನ ಕವಿ ಬರೆದ ಸಾಹಸಭೀಮವಿಜಯ, ಅಂದರೆ ಗದಾಯುದ್ಧ, ತೆರೆದು ನೋಡಿ. ಯುದ್ಧದ ಕೊನೆಯಲ್ಲಿ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ನಡೆದು ಬರುತ್ತಾನೆ. ಗುರು ದ್ರೋಣ, ತಮ್ಮ ದುಶ್ಶಾಸನ, ಮಗ ಲಕ್ಷಣ, ಗೆಳೆಯ ಕರ್ಣ, ಒಬ್ಬೊಬ್ಬರ ಮುಂದೆಯೂ ನಿಂತು ಗೋಳಾಡುತ್ತಾನೆ. ಅದೇ ದಾರಿಯಲ್ಲಿ ಅಭಿಮನ್ಯುವಿನ ದೇಹವೂ ಇದೆ. ಶತ್ರುವಿನ ಮಗ, ತನ್ನ ಕಡೆಯವರೇ ಸುತ್ತುವರಿದು ಕೊಂದ ಹುಡುಗ. ಅವನ ಪರಾಕ್ರಮವನ್ನು ಹೊಗಳಿ, ನನಗೂ ನಿನ್ನಂಥದೇ ವೀರಮರಣ ಸಿಗಲಿ ಎಂದು ದುರ್ಯೋಧನ ಬೇಡಿಕೊಳ್ಳುತ್ತಾನೆ.

ಇದನ್ನು ಓದಿದ ಮೇಲೆ ಯಾರನ್ನೇ ಆಗಲಿ 'ಅವನು ಕೆಟ್ಟವನು' ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಕಷ್ಟ. ರನ್ನ ದುರ್ಯೋಧನನ ತಪ್ಪನ್ನು ಮುಚ್ಚಿಡುವುದಿಲ್ಲ. ತಪ್ಪು ಮಾಡಿದವನ ಒಳಗೂ ಒಬ್ಬ ಮನುಷ್ಯ ಇದ್ದಾನೆ ಎಂದು ತೋರಿಸುತ್ತಾನೆ, ಅಷ್ಟೆ. ಹಾಗೆಯೇ ಪಂಪನ ವಿಕ್ರಮಾರ್ಜುನ ವಿಜಯ ಓದಿದರೆ ಕರ್ಣ ಬೇರೆಯೇ ಎತ್ತರದಲ್ಲಿ ನಿಲ್ಲುತ್ತಾನೆ. ಕಥೆ ಒಂದೇ, ಕವಿಗಳು ಮೂವರು, ಮೂರು ಭಾರತ. 'ಮಹಾಭಾರತದ ಸಾರಾಂಶ' ಓದಿದವನಿಗೆ ಈ ಮೂವರಲ್ಲಿ ಒಬ್ಬನೂ ಸಿಗುವುದಿಲ್ಲ.

ಸಾರಾಂಶದಲ್ಲಿ ಇಲ್ಲದ ನಾಯಿ

ಹಳೆಯ ಕಾವ್ಯಗಳ ಮಾತು ಮಾತ್ರವಲ್ಲ ಇದು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂದ ದೊಡ್ಡ ಕಾದಂಬರಿ. ಅದರಲ್ಲಿ ಗುತ್ತಿ ಎಂಬ ಜೀತದಾಳಿಗೆ ಹುಲಿಯ ಎಂಬ ನಾಯಿ ಇದೆ. ಕಾಡುದಾರಿಯಲ್ಲಿ, ಮಳೆಯಲ್ಲಿ, ಕತ್ತಲೆಯಲ್ಲಿ ನೂರಾರು ಪುಟ ಆ ನಾಯಿ ನಮ್ಮ ಜೊತೆಗೇ ನಡೆಯುತ್ತದೆ. ಕೊನೆಗೆ ತುಂಗೆಯ ಪ್ರವಾಹದಲ್ಲಿ ಅದು ಹೋಗುವಾಗ ಮನೆಯವರೇ ಹೋದಷ್ಟು ದುಃಖವಾಗುತ್ತದೆ. ಈ ಕಾದಂಬರಿಯನ್ನು ಹತ್ತು ಸಾಲಿಗೆ ಇಳಿಸಿ ನೋಡಿ. ಮೊದಲು ಬಿಟ್ಟುಹೋಗುವುದೇ ಹುಲಿಯ!

ಕಾರಂತರ 'ಮರಳಿ ಮಣ್ಣಿಗೆ'ಯನ್ನು 'ಕರಾವಳಿಯ ಒಂದು ಮನೆತನದ ಮೂರು ತಲೆಮಾರಿನ ಕಥೆ' ಎಂದು ಪರಿಚಯಿಸುತ್ತಾರೆ. ಸರಿಯೇ. ಆದರೆ ಆ ಮನೆಯ ಪಾರೋತಿ, ಸರಸೋತಿ ಎಂಬ ಇಬ್ಬರು ಹೆಂಗಸರು ವರ್ಷಗಟ್ಟಲೆ ಗದ್ದೆಯಲ್ಲಿ, ಕಡಲಿನ ಬದಿಯಲ್ಲಿ ಮೈಮುರಿದು ದುಡಿಯುವುದನ್ನು ಪುಟಪುಟವಾಗಿ ಓದಿದಾಗ ನಮಗೆ ನಮ್ಮ ಅಜ್ಜಿಯರ ಕೈಗಳು ನೆನಪಾಗುತ್ತವೆ. ದುಡಿಮೆಯ ಉದ್ದ ತಿಳಿಯಬೇಕಾದರೆ ಪುಸ್ತಕದ ಉದ್ದವೂ ಬೇಕು.

ಶುರು ಮಾಡುವುದು ಹೇಗೆ?

'ಹಳಗನ್ನಡ, ನಡುಗನ್ನಡ ನಮಗೆ ಅರ್ಥವಾಗುವುದಿಲ್ಲ' ಎನ್ನುವ ಭಯ ಸಹಜ. ಅದಕ್ಕೆ ನಾನು ಕಂಡುಕೊಂಡ ದಾರಿ ಇದು.

ಮೊದಲು ಕಥೆಯ ಬೆನ್ನೆಲುಬು ತಿಳಿದುಕೊಳ್ಳಿ. ಅದಕ್ಕೆ ಎ.ಆರ್. ಕೃಷ್ಣಶಾಸ್ತ್ರಿಗಳ 'ವಚನ ಭಾರತ'ದಂಥ ಒಳ್ಳೆಯ ಪುಸ್ತಕ ಇನ್ನೊಂದಿಲ್ಲ. ತಿಳಿಯಾದ ಗದ್ಯ, ಹೈಸ್ಕೂಲು ಮಕ್ಕಳೂ ಓದಬಹುದು. ಆಮೇಲೆ ಗದುಗಿನ ಭಾರತಕ್ಕೆ ಬನ್ನಿ. ಕುವೆಂಪು ಮತ್ತು ಮಾಸ್ತಿ ಸಂಪಾದಿಸಿದ ಆವೃತ್ತಿ 1958ರಲ್ಲಿ ಸರ್ಕಾರದಿಂದಲೇ ಪ್ರಕಟವಾಯಿತು. ಹಳೆಯ ಗ್ರಂಥಾಲಯಗಳಲ್ಲಿ ಕೇಳಿ ನೋಡಿ. ಆದಿಪರ್ವದಿಂದಲೇ ಆರಂಭಿಸಬೇಕೆಂಬ ನಿಯಮವೇನಿಲ್ಲ. ವಿರಾಟಪರ್ವದ ಉತ್ತರಕುಮಾರನಿಂದ ಶುರು ಮಾಡಿ, ನಗುತ್ತ ಒಳಗೆ ಹೋಗಬಹುದು. ಪಂಪ, ರನ್ನರನ್ನು ಸ್ವಲ್ಪ ತಡವಾಗಿ ಹಿಡಿಯಿರಿ. ಪಂಪನಿಗೆ ಡಿ.ಎಲ್. ನರಸಿಂಹಾಚಾರ್ಯರ 'ಪಂಪಭಾರತ ದೀಪಿಕೆ' ಪಕ್ಕದಲ್ಲಿದ್ದರೆ ಮೇಷ್ಟರು ಪಕ್ಕದಲ್ಲಿ ಕುಳಿತ ಹಾಗೆ.

ಗಟ್ಟಿಯಾಗಿ ಓದಿ. ಪದಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಎಲ್ಲಿ ಬಿಡಿಸಬೇಕೆಂದು ಕಣ್ಣಿಗಿಂತ ಮೊದಲು ನಾಲಿಗೆಗೆ ತಿಳಿಯುತ್ತದೆ. ಪ್ರತಿ ಪದಕ್ಕೂ ನಿಘಂಟು ತೆರೆಯಬೇಡಿ. ಮೊದಲು ಪದ್ಯ ಮುಗಿಸಿ, ತೀರ ಅಡ್ಡ ಬಂದ ಪದವನ್ನು ಮಾತ್ರ ಆಮೇಲೆ ಹುಡುಕಿ. ಶಿವಮೊಗ್ಗದ ಬಳಿಯ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಆ ಊರಿನ ಎಚ್.ಆರ್. ಕೇಶವಮೂರ್ತಿ ಅವರಿಗೆ ಗಮಕ ಕಲೆಗಾಗಿಯೇ 2022ರಲ್ಲಿ ಪದ್ಮಶ್ರೀ ಬಂತು. ನಿಮ್ಮ ಊರಿನಲ್ಲಿ ಗಮಕ ವಾಚನ ನಡೆದರೆ ಮಕ್ಕಳನ್ನು ತಪ್ಪದೆ ಕರೆದುಕೊಂಡು ಹೋಗಿ. ಒಂದು ಸಂಜೆ ಕೇಳಿದರೆ ಹತ್ತು ದಿನದ ಓದು ಹಗುರವಾಗುತ್ತದೆ.

ಸಮಯವೆಲ್ಲಿ ಎನ್ನುವವರಿಗೆ ನನ್ನ ಲೆಕ್ಕ ಇದು. ಗದುಗಿನ ಭಾರತದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಪದ್ಯಗಳಿವೆ. ದಿನಕ್ಕೆ ಹತ್ತು ಪದ್ಯ, ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಎರಡೂಕಾಲು ವರ್ಷದಲ್ಲಿ ಇಡೀ ಕಾವ್ಯ ಮುಗಿಯುತ್ತದೆ. ತಿಂಗಳು ತಿಂಗಳು ಆರ್.ಡಿ. ಕಟ್ಟಿದ ಹಾಗೆ, ಕಟ್ಟುವಾಗ ಭಾರವೆನಿಸದು, ಮುಗಿದಾಗ ಕೈಯಲ್ಲಿ ದೊಡ್ಡ ಮೊತ್ತ.

ಕಳೆದ ವರ್ಷ ನನಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕೆಲವು ವಾರ ಓದಬಾರದೆಂದರು. ಏಳನೇ ತರಗತಿಯ ಮೊಮ್ಮಗಳು ನನಗಾಗಿ ಓದಲು ಒಪ್ಪಿಕೊಂಡಳು. ಮೊದಲ ಮೂರು ದಿನ ಪದ ಪದಕ್ಕೂ ಮುಗ್ಗರಿಸಿದಳು. ನಾಲ್ಕನೆಯ ದಿನ ಲಯ ಹಿಡಿಯಿತು. ಉತ್ತರಕುಮಾರ ಬಂದಾಗ ಅರ್ಥ ಹೇಳುವ ಮೊದಲೇ ನಕ್ಕುಬಿಟ್ಟಳು. ಉದ್ಯೋಗಪರ್ವಕ್ಕೆ ಬಂದಾಗ ಪುಸ್ತಕ ಮಡಚಿ ಕೇಳಿದಳು: "ತಾತ, ಇಷ್ಟೊಂದು ಜನ ಹೇಳಿದರೂ ದುರ್ಯೋಧನ ಯಾಕೆ ಕೇಳಲಿಲ್ಲ?" ನಾನು ಮೂರು ಸಲ ಓದಿಯೂ ಪೂರ್ತಿ ಉತ್ತರ ಸಿಗದ ಪ್ರಶ್ನೆ ಅದು. ಸಾರಾಂಶ ಓದಿದ ಮಗು ಅದನ್ನು ಕೇಳುತ್ತಿರಲಿಲ್ಲ, ಏಕೆಂದರೆ ಅಲ್ಲಿ ಕಾರಣವನ್ನೂ ಒಂದೇ ಸಾಲಿನಲ್ಲಿ ಬರೆದಿಟ್ಟಿರುತ್ತಾರೆ.

ಪ್ರೀತಿಯ ಮಕ್ಕಳೇ, ಪರೀಕ್ಷೆಗೆ ಸಾರಾಂಶ ಬೇಕಾದರೆ ಓದಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಈ ರಜೆಯಲ್ಲಿ ಒಂದು ಮೂಲ ಪುಸ್ತಕವನ್ನು ಕೈಗೆ ತೆಗೆದುಕೊಳ್ಳಿ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಅವರ ಮುಂದೆ ಕುಳಿತು ದಿನಕ್ಕೆ ಹತ್ತು ಪದ್ಯ ಗಟ್ಟಿಯಾಗಿ ಓದಿ. ಅವರಿಗೆ ಗೊತ್ತಿರುವ ಅರ್ಥ ಅವರು ಹೇಳುತ್ತಾರೆ, ನಿಮಗೆ ಹೊಳೆದ ಪ್ರಶ್ನೆ ನೀವು ಕೇಳಿ. ಇಬ್ಬರಿಗೂ ಉತ್ತರ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಮಾರನೆಯ ದಿನ ಮತ್ತೆ ಪುಸ್ತಕ ತೆರೆಯಲು ಒಂದು ಕಾರಣ ಸಿಕ್ಕಿತು!